ಮಿಡಿಯದ ಹೃದಯದ ಕಥೆ

ಮನುಷ್ಯನಲ್ಲಿ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಹಿರಿಯರು ಮೊದಲು ಮಾಡುತ್ತಿದ್ದುದು ಮುಂಗೈ ಹಿಡಿದು ನಾಡಿ ನೋಡುವ ಕೆಲಸ. ಊರಿನ ಪಂಡಿತರು ನಾಡಿ ಹಿಡಿದೇ ರೋಗ ಹೇಳುತ್ತಿದ್ದರು. ಆಸ್ಪತ್ರೆಯ ಡಾಕ್ಟರೂ ಇಂದಿಗೂ ಆ ಪದ್ಧತಿಯನ್ನು ಬಿಟ್ಟಿಲ್ಲ. ಆದರೆ ಈಗ ಜಗತ್ತಿನಲ್ಲಿ ಸಾವಿರಾರು ಜನ ಎಂದಿನಂತೆ ಓಡಾಡಿಕೊಂಡು, ಮನೆಗೆಲಸ ಮಾಡಿಕೊಂಡು, ಮೊಮ್ಮಕ್ಕಳನ್ನು ಆಡಿಸಿಕೊಂಡು ಇದ್ದಾರೆ. ಅವರ ಮುಂಗೈ ಹಿಡಿದು ನೋಡಿದರೆ ಹಲವರಲ್ಲಿ ನಾಡಿಯೇ ಸಿಗುವುದಿಲ್ಲ. ಅವರ ಎದೆಯೊಳಗೆ ಒಂದು ಪುಟ್ಟ ಚಕ್ರ ಎಡೆಬಿಡದೆ ತಿರುಗುತ್ತಿರುತ್ತದೆ. ರಕ್ತ ಮಿಡಿಯುವುದಿಲ್ಲ, ನಾಲೆಯ ನೀರಿನಂತೆ ಸಮನಾಗಿ ಹರಿಯುತ್ತದೆ.

ಈ ಸ್ಥಿತಿಗೆ ಬರಲು ವೈದ್ಯವಿಜ್ಞಾನಕ್ಕೆ ಅರ್ಧ ಶತಮಾನ ಹಿಡಿಯಿತು. ಅದರಲ್ಲಿ ಬಹುಪಾಲು ಕಾಲ ಕಳೆದದ್ದು, ಪ್ರಕೃತಿ ಕೊಟ್ಟ ಹೃದಯವನ್ನು ಅದರ ಮಿಡಿತದೊಡನೆ ಹಾಗೆಯೇ ನಕಲು ಮಾಡಬೇಕು ಎಂಬ ಹಟದಲ್ಲಿ. ಆ ಹಟವನ್ನು ಬಿಟ್ಟ ಮೇಲೆಯೇ ಕೃತಕ ಹೃದಯ ರೋಗಿಗೆ ನಿಜವಾಗಿ ಆಸರೆಯಾಗತೊಡಗಿತು.

ಮುಷ್ಟಿಯಷ್ಟು ಪಂಪು

ಹೃದಯ ಎಂದರೆ ಮುಷ್ಟಿಯ ಗಾತ್ರದ, ಸುಮಾರು 300 ಗ್ರಾಂ ತೂಕದ ಸ್ನಾಯುವಿನ ಚೀಲ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಅದು ತಳ್ಳುತ್ತದೆ. ದಿನಕ್ಕೆ 7 ಸಾವಿರ ಲೀಟರ್. ದಿನವೊಂದಕ್ಕೆ ಒಂದು ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಸಲ ಮಿಡಿಯುತ್ತದೆ. ವಾಸ್ತವವಾಗಿ ಇದರಲ್ಲಿರುವುದು ಒಂದು ಪಂಪಲ್ಲ, ಅಕ್ಕಪಕ್ಕದ ಎರಡು ಪಂಪುಗಳು. ಬಲಭಾಗ ಕೊಳೆಯಾದ ರಕ್ತವನ್ನು ಶ್ವಾಸಕೋಶಗಳಿಗೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಎಡಭಾಗ ಇಡೀ ಮೈಗೆ ಹರಿಸುತ್ತದೆ. ಹೆಚ್ಚು ಶ್ರಮದ ಕೆಲಸ ಎಡಭಾಗದ್ದು.

‘ಹೃದಯ ವೈಫಲ್ಯ’ ಎಂಬ ಮಾತನ್ನು ಕೇಳಿದೊಡನೆ ಹೃದಯ ಫಕ್ಕನೆ ನಿಂತುಹೋಗುವುದು ಎಂದು ಅನೇಕರು ತಿಳಿಯುವುದುಂಟು. ಹಾಗಲ್ಲ. ಹೃದಯಾಘಾತದಿಂದಲೋ, ಬಹುಕಾಲದ ರಕ್ತದೊತ್ತಡದಿಂದಲೋ, ಕವಾಟಗಳ ದೋಷದಿಂದಲೋ, ಸ್ನಾಯುವಿಗೇ ತಗುಲಿದ ರೋಗದಿಂದಲೋ ಹೃದಯ ಸಡಿಲಗೊಂಡು, ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲಾರದೆ ಹೋಗುವುದೇ ವೈಫಲ್ಯ. ಕಾಲು ಬಾತುಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತುವುದರಲ್ಲಿ ಏದುಸಿರು ಬರುತ್ತದೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುತ್ತದೆ. ಜಗತ್ತಿನಲ್ಲಿ 6 ಕೋಟಿಗೂ ಹೆಚ್ಚು ಜನರಿಗೆ ಈ ತೊಂದರೆ ಇದೆ ಎಂದು ಅಂದಾಜು. ಔಷಧಿಗಳಿಂದ ಬಹಳ ಮಂದಿ ವರ್ಷಗಟ್ಟಲೆ ಬಾಳುತ್ತಾರೆ. ಔಷಧಿಯೂ ನಾಟದ ಹಂತ ತಲುಪಿದವರಿಗೆ ಉಳಿಯುವ ದಾರಿ ಬೇರೆಯವರ ಹೃದಯವನ್ನು ಕಸಿ ಮಾಡುವುದು. ಆದರೆ ಒಬ್ಬರ ಸಾವಿನಿಂದ ಮಾತ್ರ ಇನ್ನೊಬ್ಬರಿಗೆ ಹೃದಯ ಸಿಗಬೇಕು. ಹೊರತೆಗೆದ ಹೃದಯವನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗಳೊಳಗೆ ಜೋಡಿಸಬೇಕು. ಹೀಗಾಗಿ ಕಾಯುವವರ ಸಾಲು ಸದಾ ಉದ್ದ, ಸಿಗುವ ಹೃದಯಗಳು ಸದಾ ಕಡಿಮೆ. ಯಂತ್ರದ ಹೃದಯ ಬೇಕೆನಿಸಿದ್ದು ಇದೇ ಕಾರಣಕ್ಕೆ.

ಆರಂಭದ ಹೆಜ್ಜೆಗಳು

ಹೃದಯದ ಕೆಲಸವನ್ನು ಯಂತ್ರಕ್ಕೆ ವಹಿಸಬಹುದು ಎಂಬುದನ್ನು ಮೊದಲು ತೋರಿಸಿಕೊಟ್ಟವರು ಅಮೆರಿಕದ ಶಸ್ತ್ರವೈದ್ಯ ಜಾನ್ ಗಿಬ್ಬನ್. ಎರಡು ದಶಕಗಳ ಶ್ರಮದ ನಂತರ, 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಅವರು 18 ವರ್ಷದ ಯುವತಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದರು. ಹೃದಯವನ್ನು ತೆರೆದು ಹೊಲಿಗೆ ಹಾಕುವಾಗ ಆಕೆಯ ರಕ್ತವನ್ನು ಶುದ್ಧಿಗೊಳಿಸಿ ಮೈಯೆಲ್ಲ ಹರಿಸಿದ್ದು ಪಕ್ಕದಲ್ಲಿದ್ದ ಹೃದಯ-ಶ್ವಾಸಕೋಶ ಯಂತ್ರ. ಆದರೆ ಅದು ಕೋಣೆಯಲ್ಲಿ ನಿಲ್ಲಿಸುವ ಯಂತ್ರ. ಕೆಲವು ಗಂಟೆಗಳ ಕೆಲಸಕ್ಕೆ ಮಾತ್ರ ಆಗುವಂಥದು.

ಯಂತ್ರವನ್ನು ಎದೆಯೊಳಗೇ ಇಡುವ ಕನಸು ಕಂಡವರಲ್ಲಿ ಮುಖ್ಯರು ವಿಲ್ಲೆಮ್ ಕೋಲ್ಫ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ಕುಳಿತು, ಮಾಂಸದ ಸಾಸೇಜು ತುಂಬಲು ಬಳಸುವ ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ, ಕೃತಕ ಮೂತ್ರಪಿಂಡವನ್ನು ಕಟ್ಟಿದವರು ಅವರೇ. ಇಂದು ಊರೂರಿನಲ್ಲಿರುವ ಡಯಾಲಿಸಿಸ್ ಯಂತ್ರದ ಮೂಲ ಅದು. ಮೂತ್ರಪಿಂಡಕ್ಕೆ ಬದಲಿ ಸಾಧ್ಯವಾದರೆ ಹೃದಯಕ್ಕೇಕೆ ಇಲ್ಲ ಎಂಬುದು ಅವರ ವಾದ. ಯುದ್ಧಾನಂತರ ಅಮೆರಿಕಕ್ಕೆ ಹೋದ ಕೋಲ್ಫ್, ಜಪಾನಿನ ತೆತ್ಸುಜೊ ಅಕುತ್ಸು ಜೊತೆಗೂಡಿ 1957ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ನಾಯಿಯೊಂದಕ್ಕೆ ಕೃತಕ ಹೃದಯ ಅಳವಡಿಸಿದರು. ನಾಯಿ ಬದುಕಿದ್ದು ಸುಮಾರು ಒಂದೂವರೆ ಗಂಟೆ.

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದಾಗ ಜಗತ್ತೆಲ್ಲ ಬೆರಗಾಯಿತು. ರೋಗಿ 18 ದಿನ ಬದುಕಿದ. ಮರುವರ್ಷದ ಫೆಬ್ರುವರಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಭಾರತದ ಮೊದಲ ಹೃದಯ ಕಸಿ ನಡೆಸಿದರು. ಆ ರೋಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡ.

ಎದೆಯೊಳಗೆ ಪೂರ್ಣ ಕೃತಕ ಹೃದಯ ಮೊದಲು ಕುಳಿತದ್ದು 1969ರ ಏಪ್ರಿಲ್ 4ರಂದು, ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ. ಡೆಂಟನ್ ಕೂಲಿ ಎಂಬ ನುರಿತ ಶಸ್ತ್ರವೈದ್ಯರು ಹ್ಯಾಸ್ಕೆಲ್ ಕಾರ್ಪ್ ಎಂಬ 47 ವರ್ಷದ ರೋಗಿಗೆ, ದಾನಿಯ ಹೃದಯ ಸಿಗುವ ತನಕ ಇರಲಿ ಎಂದು ಅದನ್ನು ಜೋಡಿಸಿದರು. 64 ಗಂಟೆಗಳ ನಂತರ ಹೃದಯ ಸಿಕ್ಕಿತು. ಆದರೆ ಕಸಿಯಾದ ಒಂದೂವರೆ ದಿನದೊಳಗೆ ರೋಗಿ ಸೋಂಕಿನಿಂದ ಸತ್ತ. ಆ ಸಾಧನ ತಮ್ಮ ಪ್ರಯೋಗಾಲಯದ್ದು, ಒಪ್ಪಿಗೆಯಿಲ್ಲದೆ ಒಯ್ಯಲಾಯಿತು ಎಂದು ಅದೇ ಊರಿನ ಇನ್ನೊಬ್ಬ ದಿಗ್ಗಜ ಮೈಕೇಲ್ ಡಿಬೇಕಿ ಸಿಡಿದೆದ್ದರು. ಇಬ್ಬರೂ ರಾಜಿಯಾದದ್ದು ಸುಮಾರು ನಾಲ್ಕು ದಶಕಗಳ ನಂತರ, 2007ರಲ್ಲಿ.

ಬೀಗದ ಕೈ ಪಡೆದ ರೋಗಿ

ಕೋಲ್ಫ್ ಮುಂದೆ ಯೂಟಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರ ಬಳಿಗೆ ಬಂದ ತರುಣ ರಾಬರ್ಟ್ ಜಾರ್ವಿಕ್. ಸಾಧನಕ್ಕೆ ಅದರ ಮೇಲೆ ದುಡಿದವರ ಹೆಸರಿಡುವುದು ಕೋಲ್ಫ್ ಅವರ ಪದ್ಧತಿ. ಹಾಗೆ ಬಂದದ್ದೇ ‘ಜಾರ್ವಿಕ್-7’. ಪ್ಲಾಸ್ಟಿಕ್ಕಿನ ಎರಡು ಗೂಡುಗಳು, ಒಳಗೆ ಒಂದೊಂದು ತೆಳು ಪೊರೆ. ಹೊರಗಿನ ಯಂತ್ರದಿಂದ ಕೊಳವೆಗಳ ಮೂಲಕ ಒತ್ತಡದ ಗಾಳಿ ಬಂದಾಗ ಪೊರೆ ಉಬ್ಬಿ ರಕ್ತವನ್ನು ತಳ್ಳುತ್ತದೆ, ಗಾಳಿ ಹಿಂದೆ ಹೋದಾಗ ಕುಗ್ಗಿ ರಕ್ತವನ್ನು ತುಂಬಿಕೊಳ್ಳುತ್ತದೆ. ಲಬ್-ಡಬ್ ಎನ್ನುವ ನಿಜ ಹೃದಯದ ಪ್ರಾಮಾಣಿಕ ನಕಲು.

1982ರ ಡಿಸೆಂಬರ್ 2ರಂದು ಡಾ. ವಿಲಿಯಂ ಡಿವ್ರೀಸ್ ಇದನ್ನು ಬಾರ್ನಿ ಕ್ಲಾರ್ಕ್ ಎಂಬ 61 ವರ್ಷದ ದಂತವೈದ್ಯರಿಗೆ ಅಳವಡಿಸಿದರು. ವಯಸ್ಸಾಗಿದ್ದ ಕಾರಣ ಅವರಿಗೆ ಹೃದಯ ಕಸಿಯ ಅವಕಾಶವಿರಲಿಲ್ಲ. ತಮಗೆ ಹೆಚ್ಚು ಪ್ರಯೋಜನವಾಗದಿದ್ದರೂ ಮುಂದಿನವರಿಗೆ ಆಗಲಿ ಎಂದೇ ಅವರು ಒಪ್ಪಿಕೊಂಡಿದ್ದರು. ಇನ್ನು ಮುಂದೆ ಪತಿ ತನ್ನನ್ನು ಪ್ರೀತಿಸಬಲ್ಲರೇ ಎಂದು ಅವರ ಪತ್ನಿ ವೈದ್ಯರನ್ನು ಕೇಳಿದರು ಎಂಬ ಮಾತು ಆಗ ಪ್ರಚಾರದಲ್ಲಿತ್ತು. ನಗುವ ಪ್ರಶ್ನೆಯಲ್ಲ ಅದು. ಧೈರ್ಯವಂತನಿಗೆ ‘ಗುಂಡಿಗೆ ಇದೆ’ ಎನ್ನುವ, ದಯೆಯಿಲ್ಲದವನನ್ನು ‘ಹೃದಯಹೀನ’ ಎನ್ನುವ ನಮಗೂ ಅದು ಅರ್ಥವಾಗದ ಪ್ರಶ್ನೆಯೇನಲ್ಲ. ಎದೆಯಲ್ಲಿ ಪ್ಲಾಸ್ಟಿಕ್ ಕುಳಿತರೂ ಕ್ಲಾರ್ಕ್ ಅವರ ಪ್ರೀತಿ, ನೆನಪು, ಹಾಸ್ಯ ಯಾವುದೂ ಅಳಿಯಲಿಲ್ಲ.

ಅಳಿದದ್ದು ದೇಹದ ನೆಮ್ಮದಿ. ಸುಮಾರು 180 ಕಿಲೋ ತೂಕದ ಯಂತ್ರಕ್ಕೆ ಅವರನ್ನು ಕಟ್ಟಿಹಾಕಿದಂತಾಗಿತ್ತು. ಕವಾಟವೊಂದು ಮುರಿದು ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಸೆಳೆತ ಬಂತು, ಮೂಗಿನಿಂದ ರಕ್ತ ಸುರಿಯಿತು. ಯಂತ್ರವನ್ನು ನಿಲ್ಲಿಸುವ ಬೀಗದ ಕೈಯೊಂದನ್ನು ಅವರಿಗೇ ಕೊಡಲಾಗಿತ್ತು; ಸಾಕು ಎನಿಸಿದರೆ ಅವರು ತಿರುಗಿಸಬಹುದಿತ್ತು. ಅವರು ಅದನ್ನು ಬಳಸಲಿಲ್ಲ. 112 ದಿನಗಳ ನಂತರ, 1983ರ ಮಾರ್ಚಿಯಲ್ಲಿ, ಒಂದೊಂದಾಗಿ ಇತರ ಅಂಗಗಳು ಸೋತು ಅವರು ತೀರಿಕೊಂಡರು. ಆಗಲೂ ಸೋಲದೆ ಉಳಿದದ್ದು ಯಂತ್ರದ ಹೃದಯ ಮಾತ್ರ.

ಇದಾದ ಮೇಲೆ 1984ರಲ್ಲಿ ವಿಲಿಯಂ ಶ್ರೋಡರ್ ಎಂಬುವರು ಇದೇ ಹೃದಯದೊಂದಿಗೆ 620 ದಿನ ಬದುಕಿದರು. ಆದರೆ ಮೂರು ವಾರದೊಳಗೇ ಅವರಿಗೆ ಲಕ್ವ ಹೊಡೆಯಿತು, ಆಮೇಲೆ ಮತ್ತೆ ಮತ್ತೆ ಹೊಡೆಯಿತು. ಶಾಶ್ವತ ಹೃದಯವೆಂದು ಜಾರ್ವಿಕ್-7 ಪಡೆದವರು ಐದೇ ಮಂದಿ. 1990ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದಕ್ಕಿದ್ದ ಅನುಮತಿಯನ್ನು ಹಿಂದಕ್ಕೆ ಪಡೆಯಿತು.

ತೊಡಕು ಎಲ್ಲಿತ್ತು?

ನೀರೆತ್ತುವ ಪಂಪನ್ನು ಮನುಷ್ಯ ಸಾವಿರಾರು ವರ್ಷಗಳಿಂದ ಬಲ್ಲ. ಹಾಗಿದ್ದ ಮೇಲೆ ರಕ್ತದ ಪಂಪು ಇಷ್ಟೊಂದು ಕಷ್ಟವಾದದ್ದೇಕೆ? ಏಕೆಂದರೆ ರಕ್ತ ಕೇವಲ ದ್ರವವಲ್ಲ. ಅದರಲ್ಲಿ ಕೋಟಿ ಕೋಟಿ ಜೀವಕೋಶಗಳು ತೇಲುತ್ತಿರುತ್ತವೆ. ಜೋರಾಗಿ ಕಡೆದರೆ ಕೆಂಪು ಕಣಗಳು ಒಡೆದುಹೋಗುತ್ತವೆ. ನಿಧಾನವಾಗಿ ಬಿಟ್ಟರೆ, ಯಾವುದೋ ಮೂಲೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ದೇಹದ್ದಲ್ಲದ ಯಾವ ವಸ್ತುವನ್ನು ಮುಟ್ಟಿದರೂ ಹೆಪ್ಪುಗಟ್ಟುವುದು ರಕ್ತದ ಸ್ವಭಾವ. ಹಾಗೆ ಕಟ್ಟಿದ ಸಾಸಿವೆ ಕಾಳಿನಷ್ಟು ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ. ಹೆಪ್ಪುಗಟ್ಟದಂತೆ ಔಷಧಿ ಕೊಟ್ಟರೆ ಬೇರೆಡೆ ರಕ್ತಸ್ರಾವ. ಇದರ ಜೊತೆಗೆ, ವರ್ಷಕ್ಕೆ ಮೂರೂವರೆ ಕೋಟಿ ಸಲ ಉಬ್ಬಿ ಕುಗ್ಗಬೇಕಾದ ಪೊರೆ ಸವೆಯುತ್ತದೆ, ತೆರೆದು ಮುಚ್ಚುವ ಕವಾಟ ಮುರಿಯುತ್ತದೆ. ಜೀವಂತ ಸ್ನಾಯು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ವರವಿಲ್ಲ.

ಹೊಸ ದಾರಿ ತೋರಿಸಿದ್ದು ಈಜಿಪ್ಟಿನ ಹೊಲಗಳು. ಅಮೆರಿಕದ ವೈದ್ಯ ರಿಚರ್ಡ್ ವಾಂಪ್ಲರ್ 1970ರ ದಶಕದಲ್ಲಿ ಅಲ್ಲಿಗೆ ಹೋಗಿದ್ದಾಗ ರೈತರು ಆರ್ಕಿಮಿಡೀಸನ ತಿರುಪಿನಿಂದ ನೀರೆತ್ತುವುದನ್ನು ಕಂಡರು. ಕೊಳವೆಯೊಳಗಿನ ಸುರುಳಿ ತಿರುಗಿದಂತೆ ನೀರು ಎಡೆಬಿಡದೆ ಮೇಲೇರುತ್ತದೆ. ಇದೇ ರೀತಿ ರಕ್ತವನ್ನೇಕೆ ಹರಿಸಬಾರದು? ಬೋರಿನ ಕೈಪಂಪಿಗೂ ತೋಟದ ಪಂಪ್‌ಸೆಟ್ಟಿಗೂ ಇರುವ ವ್ಯತ್ಯಾಸವೇ ಇಲ್ಲಿರುವುದು. ಕೈಪಂಪು ಒಂದೊಂದು ಸಲ ಒತ್ತಿದಾಗಲೂ ಒಂದಿಷ್ಟು ನೀರು ಉಗುಳುತ್ತದೆ, ಅದರ ವಾಷರು ಬೇಗ ಸವೆಯುತ್ತದೆ. ಪಂಪ್‌ಸೆಟ್ಟಿನ ಚಕ್ರ ಸುಮ್ಮನೆ ತಿರುಗುತ್ತಿರುತ್ತದೆ, ನೀರು ಸಮನಾಗಿ ಹರಿಯುತ್ತಿರುತ್ತದೆ.

ತಜ್ಞರು ಮೊದಲು ಒಪ್ಪಲಿಲ್ಲ. ಅಷ್ಟು ವೇಗದಲ್ಲಿ ತಿರುಗುವ ಚಕ್ರ ರಕ್ತಕಣಗಳನ್ನು ಮಿಕ್ಸಿಯಂತೆ ಅರೆದುಹಾಕುತ್ತದೆ ಎಂಬುದು ಒಂದು ಆಕ್ಷೇಪ. ಮಿಡಿತವಿಲ್ಲದೆ ದೇಹದ ಅಂಗಗಳು ಬದುಕಲಾರವು ಎಂಬುದು ಇನ್ನೊಂದು. 1988ರಲ್ಲಿ ವಾಂಪ್ಲರರ ಪಂಪನ್ನು ಹ್ಯೂಸ್ಟನ್ನಿನಲ್ಲಿ ಡಾ. ಬಡ್ ಫ್ರೇಜಿಯರ್ ಮೊದಲ ಬಾರಿಗೆ ಮನುಷ್ಯನಿಗೆ ಬಳಸಿದರು. ಪೆನ್ಸಿಲಿನ ತುದಿಯ ರಬ್ಬರಿನಷ್ಟೇ ದಪ್ಪದ ಅದು ನಿಮಿಷಕ್ಕೆ ಸುಮಾರು 25 ಸಾವಿರ ಸುತ್ತು ತಿರುಗುತ್ತಿತ್ತು. ಕಣಗಳು ಚಕ್ರದ ಬಳಿ ಇರುವುದು ಕ್ಷಣದ ಚೂರು ಮಾತ್ರವಾದ್ದರಿಂದ ಒಡೆಯದೆ ದಾಟಿಹೋದವು. ರೋಗಿ ಚೇತರಿಸಿಕೊಂಡ.

ಹೃದಯಕ್ಕೊಂದು ಹೆಗಲು

ಅಲ್ಲಿಂದ ಮುಂದೆ ಆಲೋಚನೆಯೇ ಬದಲಾಯಿತು. ಹೃದಯವನ್ನು ಕಿತ್ತು ಹೊಸದನ್ನು ಕೂರಿಸುವ ಬದಲು, ಸೋತ ಹೃದಯವನ್ನು ಅಲ್ಲೇ ಉಳಿಸಿ, ಅದರ ಎಡಗೂಡಿನ ತುದಿಗೆ ಪಂಪೊಂದನ್ನು ಜೋಡಿಸುವುದು ಹೆಚ್ಚು ರೂಢಿಗೆ ಬಂತು. ಪಂಪು ಎಡಗೂಡಿನಿಂದ ರಕ್ತ ಹೀರಿ ನೇರವಾಗಿ ಮಹಾಪಧಮನಿಗೆ ಕೊಡುತ್ತದೆ. ಜೋಡೆತ್ತಿನಲ್ಲಿ ಒಂದು ಬಡಕಲಾದರೆ ಒಕ್ಕಲಿಗ ತಾನೇ ನೊಗಕ್ಕೆ ಹೆಗಲು ಕೊಡುವುದಿಲ್ಲವೇ, ಹಾಗೆ.

ಮಿಡಿಯುವ ಪಂಪು ಮೇಲೋ, ತಿರುಗುವ ಪಂಪು ಮೇಲೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎರಡು ಅಧ್ಯಯನಗಳಿಂದ. 2001ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ, ಕಸಿಗೆ ಅರ್ಹರಲ್ಲದ 129 ರೋಗಿಗಳಲ್ಲಿ ಕೆಲವರಿಗೆ ಮಿಡಿಯುವ ಪಂಪನ್ನೂ ಉಳಿದವರಿಗೆ ಔಷಧಿಯನ್ನೂ ಕೊಡಲಾಗಿತ್ತು. ಒಂದು ವರ್ಷದ ನಂತರ ಬದುಕಿದ್ದವರು ಪಂಪಿನವರಲ್ಲಿ ಶೇ. 52, ಔಷಧಿಯವರಲ್ಲಿ ಶೇ. 25. ಆದರೆ ಆ ಪಂಪು ಬೇಗ ಸವೆಯುತ್ತಿತ್ತು. 2009ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿ ಮಿಡಿಯುವ ಪಂಪನ್ನೂ ತಿರುಗುವ ಪಂಪನ್ನೂ ಮುಖಾಮುಖಿ ಹೋಲಿಸಲಾಯಿತು. ಎರಡು ವರ್ಷದ ನಂತರ ಮಿಡಿಯುವ ಪಂಪಿನವರಲ್ಲಿ ಶೇ. 24, ತಿರುಗುವ ಪಂಪಿನವರಲ್ಲಿ ಶೇ. 58 ಮಂದಿ ಉಳಿದಿದ್ದರು. ನಕಲಿನ ಹಾದಿ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಈಗ ಬಳಕೆಯಲ್ಲಿರುವ ‘ಹಾರ್ಟ್‌ಮೇಟ್-3’ ಎಂಬ ಪಂಪಿನಲ್ಲಿ ಚಕ್ರಕ್ಕೆ ಬೇರಿಂಗೂ ಇಲ್ಲ. ಅಯಸ್ಕಾಂತದ ಬಲದಿಂದ ಅದು ಏನನ್ನೂ ಮುಟ್ಟದೆ ತೇಲುತ್ತ ತಿರುಗುತ್ತದೆ. ಉಜ್ಜಾಟವಿಲ್ಲದ್ದರಿಂದ ಸವೆತವೂ ಇಲ್ಲ. ವಿನೋದವೆಂದರೆ, ಒಳಗೆ ರಕ್ತ ನಿಂತು ಹೆಪ್ಪುಗಟ್ಟದಿರಲೆಂದು ಇದರ ವೇಗವನ್ನು ಎರಡು ಸೆಕೆಂಡಿಗೊಮ್ಮೆ ಏರಿಸಿ ಇಳಿಸುತ್ತಾರೆ; ಬಿಟ್ಟುಹೋದ ಮಿಡಿತ ಬೇರೊಂದು ಕೆಲಸಕ್ಕೆ ಒಂದಿಷ್ಟು ಮರಳಿ ಬಂದಂತಾಯಿತು. ಐದು ವರ್ಷದ ನಂತರವೂ ಇದನ್ನು ಪಡೆದವರಲ್ಲಿ ಶೇ. 58ರಷ್ಟು ಮಂದಿ ಬದುಕಿದ್ದರೆಂದು 2022ರಲ್ಲಿ ವರದಿಯಾಯಿತು.

ಆದರೆ ಇದು ಸುಲಭದ ಬಾಳಲ್ಲ. ಹೊಟ್ಟೆಯ ಚರ್ಮದಿಂದ ಹೊರಬಂದ ತಂತಿ ಸೊಂಟದ ನಿಯಂತ್ರಕಕ್ಕೂ ಬ್ಯಾಟರಿಗಳಿಗೂ ಸೇರಿರುತ್ತದೆ. ತಂತಿ ಹೊರಬರುವ ಜಾಗದಲ್ಲಿ ಸೋಂಕಿನ ಭಯ ಸದಾ ಇದ್ದದ್ದೇ. ಕೆರೆಗೆ ಇಳಿದು ಈಜುವಂತಿಲ್ಲ. ಮಲಗುವ ಮುನ್ನ ಮನೆಯ ವಿದ್ಯುತ್ತಿಗೆ ತನ್ನನ್ನು ಸಿಕ್ಕಿಸಿಕೊಳ್ಳಬೇಕು. ಕರೆಂಟು ಹೋದರೆ ನಮಗೆ ಫ್ಯಾನು ನಿಲ್ಲುತ್ತದೆ, ಅವರಿಗೆ ಬ್ಯಾಟರಿಯ ಲೆಕ್ಕ ಶುರುವಾಗುತ್ತದೆ.

ಇಡೀ ಹೃದಯವೇ ಬೇಕಾದವರಿಗೆ

ಹೃದಯದ ಎರಡೂ ಭಾಗ ಸೋತವರಿಗೆ ಒಂದು ಪಂಪಿನ ಆಸರೆ ಸಾಲದು. ಹೀಗಾಗಿ ಪೂರ್ಣ ಕೃತಕ ಹೃದಯದ ಹುಡುಕಾಟ ನಿಲ್ಲಲಿಲ್ಲ. ಜಾರ್ವಿಕ್-7ನ್ನೇ ಸುಧಾರಿಸಿದ ಹೃದಯಕ್ಕೆ 2004ರಲ್ಲಿ, ಕಸಿಯ ತನಕದ ಸೇತುವೆಯಾಗಿ ಮಾತ್ರ ಬಳಸಲು, ಅಮೆರಿಕದಲ್ಲಿ ಅನುಮತಿ ದೊರೆಯಿತು. 180 ಕಿಲೋ ಇದ್ದ ಹೊರಯಂತ್ರ ಆರು ಕಿಲೋಗೆ ಇಳಿದು ಬೆನ್ನ ಚೀಲಕ್ಕೆ ಬಂತು. ಮಿಶಿಗನ್‌ನ ತರುಣನೊಬ್ಬ ಆ ಚೀಲ ಹೊತ್ತೇ 555 ದಿನ ಕಳೆದು, 2016ರಲ್ಲಿ ಕಸಿ ಮಾಡಿಸಿಕೊಂಡ. 2001ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಅಳವಡಿಸಿದ ‘ಅಬಿಯೊಕಾರ್’ ಹೃದಯಕ್ಕೆ ಚರ್ಮ ತೂರಿ ಬರುವ ತಂತಿಯೇ ಇರಲಿಲ್ಲ, ವಿದ್ಯುತ್ತು ಚರ್ಮದ ಮೂಲಕವೇ ಹಾಯುತ್ತಿತ್ತು. ಮೊದಲ ರೋಗಿ 151 ದಿನ ಬದುಕಿದರು. ಫ್ರಾನ್ಸಿನ ಅಲೈನ್ ಕಾರ್ಪಾಂತಿಯೆ ಅವರ ಕಲ್ಪನೆಯ ‘ಕಾರ್ಮಾ’ ಹೃದಯವನ್ನು 2013ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಬಳಸಿದರು. ಅದರಲ್ಲಿ ರಕ್ತ ಮುಟ್ಟುವ ಭಾಗಗಳಿಗೆ ಪ್ರಾಣಿಮೂಲದ ಊತಕವನ್ನು ಹಚ್ಚಿದ್ದರು.

ತಿರುಗುವ ಚಕ್ರದ ತತ್ವವನ್ನು ಪೂರ್ಣ ಹೃದಯಕ್ಕೂ ಒಯ್ದವರು ಆಸ್ಟ್ರೇಲಿಯದ ಡೇನಿಯಲ್ ಟಿಮ್ಸ್. ತಂದೆ ಕೊಳಾಯಿ ಕೆಲಸದವರು. ಮನೆಯಲ್ಲಿ ಕೊಳವೆ, ಪಂಪುಗಳ ನಡುವೆ ಮಗ ಬೆಳೆದ. ತಂದೆಗೆ ಹೃದಯ ವೈಫಲ್ಯವಾದಾಗ ಮಗನ ಸಂಶೋಧನೆಗೆ ಅದೇ ಪ್ರೇರಣೆಯಾಯಿತು. ಹೃದಯ ಸಿದ್ಧವಾಗುವ ಎಷ್ಟೋ ಮೊದಲೇ ತಂದೆ ತೀರಿಕೊಂಡರು. ಟಿಮ್ಸ್ ಅವರ ‘ಬೈವಾಕಾರ್’ ಟೈಟಾನಿಯಂ ಲೋಹದ್ದು. ಇದರಲ್ಲಿ ಚಲಿಸುವ ಭಾಗ ಒಂದೇ: ಅಯಸ್ಕಾಂತದ ಬಲದಲ್ಲಿ ತೇಲುವ ಚಕ್ರ. ಅದರ ಒಂದು ಮೈಯ ರೆಕ್ಕೆಗಳು ಶ್ವಾಸಕೋಶಕ್ಕೆ, ಇನ್ನೊಂದು ಮೈಯವು ದೇಹಕ್ಕೆ ರಕ್ತ ತಳ್ಳುತ್ತವೆ. ಎರಡೂ ಕಡೆಯ ಹರಿವಿನ ತೂಕ ತಪ್ಪಿದರೆ ಚಕ್ರ ಆಚೀಚೆ ಸರಿದು ಸಮ ಮಾಡಿಕೊಳ್ಳುತ್ತದೆ. ಪೊರೆಯಿಲ್ಲ, ಕವಾಟವಿಲ್ಲ. 2024ರ ಜುಲೈನಲ್ಲಿ ಹ್ಯೂಸ್ಟನ್ನಿನಲ್ಲಿ ಮೊದಲ ರೋಗಿ ಇದರೊಂದಿಗೆ ಎಂಟು ದಿನವಿದ್ದು ದಾನಿಯ ಹೃದಯ ಪಡೆದರು. ಅದೇ ನವೆಂಬರಿನಲ್ಲಿ ಸಿಡ್ನಿಯ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ ಇದನ್ನು ಪಡೆದ ನಲವತ್ತರ ಹರೆಯದ ರೋಗಿ ಫೆಬ್ರುವರಿಯಲ್ಲಿ ಆಸ್ಪತ್ರೆ ಬಿಟ್ಟು ಹೊರಬಂದರು. ನೂರಕ್ಕೂ ಹೆಚ್ಚು ದಿನ ಕಳೆದು 2025ರ ಮಾರ್ಚಿಯಲ್ಲಿ ಅವರಿಗೆ ಕಸಿಯಾಯಿತು.

ನಮ್ಮಲ್ಲಿ

ಭಾರತದಲ್ಲಿ ಮಿದುಳಿನ ಸಾವನ್ನು ಸಾವೆಂದು ಒಪ್ಪುವ ಕಾನೂನು ಬಂದದ್ದು 1994ರಲ್ಲಿ. ಆ ವರ್ಷದ ಆಗಸ್ಟ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಹೃದಯ ಕಸಿಯನ್ನು ಯಶಸ್ವಿಯಾಗಿ ನಡೆಸಿದರು. ಎಡಗೂಡಿಗೆ ಜೋಡಿಸುವ ತಿರುಗುವ ಪಂಪು 2008ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಬಂತು. ಆದರೆ ಹೊರದೇಶದಿಂದ ತರಿಸುವ ಈ ಪಂಪಿನ ಬೆಲೆ ಹತ್ತಾರು ಲಕ್ಷ ರೂಪಾಯಿ. ಹೊಲ ಮಾರಿದರೂ ಅಷ್ಟು ಹಣ ಹೊಂದಿಸಲಾಗದ ಮನೆಗಳೇ ನಮ್ಮಲ್ಲಿ ಹೆಚ್ಚು.

ಇದಕ್ಕೆ ಮದ್ದಿಲ್ಲವೆಂದಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ತಂಡ ಹೃದಯದ ಕವಾಟವನ್ನು ದೇಶದಲ್ಲೇ ತಯಾರಿಸಲು ಹೊರಟಾಗ ಮೊದಲ ಮೂರು ಮಾದರಿಗಳು ಸೋತಿದ್ದವು. ನಾಲ್ಕನೆಯದು ಗೆದ್ದಿತು, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅಳವಡಿಸಿದ ಆ ಚಿತ್ರಾ ಕವಾಟ ಈಗ ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಕೆಲಸ ಮಾಡಿದೆ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು. ಕಡಿಮೆ ಬೆಲೆಯ ಕೃತಕ ಹೃದಯವನ್ನು ನಮ್ಮಲ್ಲೇ ತಯಾರಿಸುವ ‘ಹೃದ್ಯಂತ್ರ’ ಯೋಜನೆಯನ್ನು ಕಾನ್ಪುರದ ಐಐಟಿ 2021ರಲ್ಲಿ ಕೈಗೆತ್ತಿಕೊಂಡಿದೆ. ಅಲ್ಲಿಯೂ ಒಂದೆರಡು ಮಾದರಿ ಸೋತರೆ ಅಚ್ಚರಿಯಿಲ್ಲ, ಎದೆಗುಂದಬೇಕಾದದ್ದೂ ಇಲ್ಲ.

ಇನ್ನು ಉಳಿಯುವುದು ಯಂತ್ರಶಾಸ್ತ್ರಕ್ಕೆ ಸೇರದ ಪ್ರಶ್ನೆ. ಹೃದಯ ತಾನಾಗಿ ದಣಿದು ನಿಂತಾಗ ಸಾವು ತಾನೇ ಬರುತ್ತಿತ್ತು, ಯಾರೂ ನಿರ್ಧರಿಸಬೇಕಾಗಿರಲಿಲ್ಲ. ಚಕ್ರ ತಾನಾಗಿ ದಣಿಯುವುದಿಲ್ಲ. ರೋಗಿಗೆ ಲಕ್ವ ಹೊಡೆದು ಪ್ರಜ್ಞೆ ಹೋದರೂ, ಮೂತ್ರಪಿಂಡ ನಿಂತರೂ ಅದು ತಿರುಗುತ್ತಲೇ ಇರುತ್ತದೆ. ಆಗ ಅದನ್ನು ನಿಲ್ಲಿಸಬೇಕಾದವರು ಯಾರು? ಮಗನೇ, ಹೆಂಡತಿಯೇ, ವೈದ್ಯರೇ? ಈಗ ಅನೇಕ ಆಸ್ಪತ್ರೆಗಳಲ್ಲಿ ಪಂಪು ಅಳವಡಿಸುವ ಮೊದಲೇ ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ಈ ಮಾತನ್ನು ಆಡುತ್ತಾರೆ. ಶುಭ ಕಾರ್ಯದ ಮುಂಚೆ ಅಶುಭ ನುಡಿಯಬಾರದು ಎಂಬುದು ನಮ್ಮ ರೂಢಿ. ಆದರೆ ಈ ಮಾತನ್ನು ರೋಗಿಯ ಬಾಯಿಂದಲೇ, ಆತ ಎಚ್ಚರವಾಗಿರುವಾಗಲೇ ಕೇಳಿಟ್ಟುಕೊಳ್ಳುವುದು ಮೇಲು. ಇಲ್ಲವಾದರೆ ಬಾರ್ನಿ ಕ್ಲಾರ್ಕ್ ಅವರಿಗೆ ಕೊಟ್ಟಿದ್ದ ಬೀಗದ ಕೈ, ಏನೂ ತೋಚದೆ ನಿಂತ ಮನೆಯವರ ಕೈಗೆ ಬಂದು ಸೇರುತ್ತದೆ.